ಅಪ್‌ಡೇಟ್ ಆದ್ಮೇಲೆ ಸರ್ವರ್ ಲಾಗಿನ್ ಯಾಕೆ ಇಷ್ಟು ಲೇಟು? ಸೆಕೆಂಡ್ ಎಣಿಸಿದ್ರೆ ಅರ್ಧ ಉತ್ತರ ಅಲ್ಲೇ ಸಿಗತ್ತೆ

ಸರ್ವರ್‌ಗೆ ಅಪ್‌ಡೇಟ್ ಹಾಕಿ ಮುಗೀತು, ಮಷಿನ್ ಮೇಲೆ ಬಂತು, ಎಲ್ಲಾ ಸರ್ವಿಸ್ ಹಸಿರು ತೋರಿಸ್ತಿದೆ. ಮನೆಯಿಂದ ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಸೇಫಾಗಿ ಲಾಗಿನ್ ಆಗೋ ದಾರಿ) ಮಾಡಿ ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದ್ರೆ ಕರ್ಸರ್ ಮಾತ್ರ ಸುಮ್ನೆ ಮಿಣುಕ್ತಾ ಕೂತಿರತ್ತೆ, ಹತ್ತು ಸೆಕೆಂಡ್ ಆಯ್ತು, ಇಪ್ಪತ್ತಾಯ್ತು, ಇನ್ನೇನು ವಿಂಡೋ ಮುಚ್ಚೋಣ ಅನ್ನೋವಾಗ ಪ್ರಾಂಪ್ಟ್ ಬರತ್ತೆ. ಒಳಗೆ ಹೋದ್ಮೇಲೆ ಯಾವ ತೊಂದ್ರೆನೂ ಇಲ್ಲ, ಎಲ್ಲಾ ಚುರುಕು. ಅದೇ ಮಷಿನ್‌ಗೆ ಅಡ್ಮಿನ್ ತನ್ನ ಲೋಕಲ್ ಅಕೌಂಟಲ್ಲಿ ಹೋದ್ರೆ ಕಣ್ಣು ಮಿಟುಕಿಸೋದ್ರೊಳಗೆ ಲಾಗಿನ್. "ನಂಗೆ ಸರಿಯಾಗೇ ಇದೆಯಲ್ಲ, ನಿಮ್ಮ ಇಂಟರ್ನೆಟ್ ನೋಡ್ಕೊಳ್ಳಿ" ಅಂತ ಉತ್ತರ ಬರೋದು ಇಲ್ಲಿಂದನೇ.

ಇಂಟರ್ನೆಟ್ ಮೇಲೆ ಡೌಟ್ ಪಡೋ ಮುಂಚೆ ಒಂದು ವಿಷಯ ನೋಡಿ. ಆ ಇಪ್ಪತ್ತು ಸೆಕೆಂಡ್ ನಡೀತಿರೋವಾಗ ಸರ್ವರಲ್ಲಿ ಟಾಪ್ ಕಮಾಂಡ್ ಓಡಿಸಿದ್ರೆ ಸಿಪಿಯು ಹೆಚ್ಚುಕಮ್ಮಿ ಖಾಲಿ ಕೂತಿರತ್ತೆ. ಕೆಲಸ ಜಾಸ್ತಿಯಾಗಿ ಮಷಿನ್ ಏದುಸಿರು ಬಿಡ್ತಿಲ್ಲ, ಯಾರನ್ನೋ ಏನೋ ಕೇಳಿ ಉತ್ತರಕ್ಕೆ ಕಾಯ್ತಾ ಇದೆ. ಯಾರನ್ನ ಕೇಳ್ತು, ಉತ್ತರ ಯಾಕೆ ಬರ್ಲಿಲ್ಲ, ಅಪ್‌ಡೇಟ್‌ಗೂ ಅದಕ್ಕೂ ಏನು ಸಂಬಂಧ ಅನ್ನೋದೇ ಈ ಲೇಖನ. ಲಿನಕ್ಸ್ ಸರ್ವರ್ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಕಾಲೇಜ್ ಲ್ಯಾಬ್, ಆಫೀಸ್, ರಿಸರ್ಚ್ ಸೆಂಟರ್‌ಗಳಲ್ಲಿ ಈ ತಲೆನೋವು ಜಾಸ್ತಿ ಬರೋದು ಅಲ್ಲೇ.

ಲೋಕಲ್ ಅಕೌಂಟು, ನೆಟ್‌ವರ್ಕ್ ಅಕೌಂಟು

ನಿಮ್ಮ ಹೆಸರು, ನಂಬರು, ಹೋಮ್ ಫೋಲ್ಡರ್ ಎಲ್ಲಿದೆ ಅನ್ನೋ ವಿವರ ಆ ಮಷಿನ್ ಒಳಗಿನ ಫೈಲಲ್ಲೇ ಬರೆದಿದ್ರೆ ಅದು ಲೋಕಲ್ ಅಕೌಂಟ್. ಲಿನಕ್ಸಲ್ಲಿ ಆ ಫೈಲ್ ಹೆಸರು ಪಾಸ್‌ಡಬ್ಲ್ಯೂಡಿ, ಇಟಿಸಿ ಫೋಲ್ಡರಲ್ಲಿ ಇರತ್ತೆ. ಆದ್ರೆ ನೂರು ಮಷಿನ್, ಐನೂರು ಜನ ಇರೋ ಕಡೆ ಪ್ರತಿ ಮಷಿನಲ್ಲೂ ಪ್ರತಿಯೊಬ್ಬರ ಹೆಸರು ಬರೀತಾ ಕೂರೋಕಾಗಲ್ಲ. ಅದಕ್ಕೆ ಎಲ್ಲರ ವಿವರ ಒಂದೇ ಡೈರೆಕ್ಟರಿ ಸರ್ವರಲ್ಲಿ ಇಟ್ಟು ಬಾಕಿ ಮಷಿನ್‌ಗಳು ಬೇಕಾದಾಗ ನೆಟ್‌ವರ್ಕ್ ಮೂಲಕ ಅದನ್ನ ಕೇಳೋ ಥರ ಮಾಡ್ತಾರೆ, ಅದೇ ನೆಟ್‌ವರ್ಕ್ ಅಕೌಂಟ್. ಇದಕ್ಕೆ ಬಳಸೋ ವ್ಯವಸ್ಥೆಗಳು ಬೇರೆ ಬೇರೆ: ಎಲ್‌ಡಿಎಪಿ, ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ, ಮತ್ತೆ ತುಂಬಾ ಹಳೇದಾದ ಎನ್‌ಐಎಸ್. ಈ ಎನ್‌ಐಎಸ್ ಅನ್ನ 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮಾಡಿದ್ದು, ಮೊದಲು ಅದರ ಹೆಸರು ಯೆಲ್ಲೋ ಪೇಜಸ್ ಅಂತ ಇತ್ತು, ಬ್ರಿಟನ್ನಲ್ಲಿ ಆ ಹೆಸರು ಬ್ರಿಟಿಷ್ ಟೆಲಿಕಾಮ್‌ನ ಟ್ರೇಡ್‌ಮಾರ್ಕ್ ಆಗಿದ್ರಿಂದ ಬದಲಾಯಿಸಿದ್ರು. ಅದರ ಕಮಾಂಡ್‌ಗಳೆಲ್ಲ ಇವತ್ತಿಗೂ ವೈಪಿ ಅಂತ ಶುರುವಾಗೋದು ಅದಕ್ಕೇ. ಈ ಹಳೇ ಎನ್‌ಐಎಸ್ ಸ್ವಲ್ಪ ನೆನಪಲ್ಲಿರಲಿ, ಮುಂದೆ ಬರತ್ತೆ.

ಅಪಾರ್ಟ್‌ಮೆಂಟ್ ಗೇಟ್ ಲೆಕ್ಕ

ಒಂದು ಅಪಾರ್ಟ್‌ಮೆಂಟ್ ಗೇಟ್ ಅನ್ಕೊಳ್ಳಿ. ಅಲ್ಲೇ ಇರೋರ ಹೆಸರು ವಾಚ್‌ಮನ್ ರಿಜಿಸ್ಟರಲ್ಲೇ ಇದೆ, ನೋಡಿದ, ಬಿಟ್ಟ. ಅದು ಲೋಕಲ್ ಅಕೌಂಟ್. ಹೊರಗಿನವರು ಬಂದ್ರೆ ಇಂಟರ್‌ಕಾಮಲ್ಲಿ ಮನೆಗೆ ಫೋನ್ ಮಾಡಿ ಕೇಳ್ಬೇಕು. ಅವರು ತಕ್ಷಣ ಎತ್ತಿದ್ರೆ ಎರಡು ಸೆಕೆಂಡ್ ಕೆಲಸ. "ಗೊತ್ತಿಲ್ಲ, ಬಿಡ್ಬೇಡಿ" ಅಂದ್ರೂ ಎರಡೇ ಸೆಕೆಂಡ್. ಫೋನ್ ಎತ್ತಲೇ ಇಲ್ಲ ಅಂದ್ರೆ ಮಾತ್ರ ರಿಂಗ್ ಪೂರ್ತಿ ಆಗೋವರೆಗೂ ಕಾಯ್ಬೇಕು. ಕಂಪ್ಯೂಟರ್ ಭಾಷೇಲಿ ಆ ರಿಂಗ್ ಪೂರ್ತಿ ಆಗೋ ಸಮಯಕ್ಕೆ ಟೈಮ್‌ಔಟ್ ಅಂತಾರೆ. ಅಂದ್ರೆ ಲಾಗಿನ್ ಲೇಟ್ ಆಗೋದು "ಇಲ್ಲ" ಅನ್ನೋ ಉತ್ತರದಿಂದ ಅಲ್ಲ, ಉತ್ತರನೇ ಬರದೇ ಇರೋದ್ರಿಂದ.

ಲಿನಕ್ಸ್ ಗೇಟಲ್ಲಿ ಒಬ್ಬನೇ ವಾಚ್‌ಮನ್ ಇರೋದಿಲ್ಲ. ಎಸ್‌ಎಸ್‌ಎಚ್ ಸರ್ವರ್ ಕನೆಕ್ಷನ್ ತಗೊಳತ್ತೆ. ಈ ಹೆಸರಿನವರು ಇದಾರಾ, ಎಲ್ಲಿ ಹುಡುಕ್ಬೇಕು ಅನ್ನೋದನ್ನ ಎನ್‌ಎಸ್‌ಎಸ್ ಅನ್ನೋ ಭಾಗ ನೋಡ್ಕೊಳತ್ತೆ, ಅದರ ಲಿಸ್ಟು ಎನ್‌ಎಸ್‌ಸ್ವಿಚ್ ಅನ್ನೋ ಫೈಲಲ್ಲಿ ಇರತ್ತೆ, "ಮೊದಲು ಫೈಲ್ಸ್, ಆಮೇಲೆ ಎನ್‌ಐಎಸ್" ಅಂತಲೋ "ಮೊದಲು ಫೈಲ್ಸ್, ಆಮೇಲೆ ಎಸ್‌ಎಸ್‌ಎಸ್" (ಅಂದ್ರೆ ಡೈರೆಕ್ಟರಿನ ನಮ್ಮ ಪರವಾಗಿ ಕೇಳೋ ಎಸ್‌ಎಸ್‌ಎಸ್‌ಡಿ ಸರ್ವಿಸ್) ಅಂತಲೋ ಒಂದು ಸಾಲು. ಪಾಸ್‌ವರ್ಡ್ ಸರಿನಾ, ಇವರನ್ನ ಬಿಡ್ಬಹುದಾ, ಬಿಟ್ಟ ಮೇಲೆ ಏನೇನು ತಯಾರಿ ಮಾಡ್ಬೇಕು ಅನ್ನೋದು ಪ್ಯಾಮ್ ಅನ್ನೋದರ ಕೆಲಸ. ಕೊನೇಗೆ ಸಿಸ್ಟಮ್‌ಡಿ ಲಾಗಿನ್‌ಡಿ ಅನ್ನೋ ಸರ್ವಿಸ್ "ಇಂಥವರು ಒಳಗೆ ಬಂದ್ರು" ಅಂತ ಸೆಷನ್ ಬರ್ಕೊಳತ್ತೆ. ಇವರಲ್ಲಿ ಯಾರೊಬ್ಬರು ಫೋನ್ ಹಿಡ್ಕೊಂಡು ಕೂತ್ರೂ ನೀವು ಗೇಟ್ ಹೊರಗೇ.

ಇಲ್ಲಿ ಒಂದು ಸಣ್ಣ ತಿರುವು ಇದೆ. ಲೋಕಲ್ ಅಕೌಂಟ್‌ಗೆ ಹೆಸರು ಹುಡುಕೋದು ಮೊದಲ ಫೈಲಲ್ಲೇ ನಿಂತ್ಬಿಡತ್ತೆ, ಆದ್ರೆ "ಇವರು ಯಾವ್ಯಾವ ಗ್ರೂಪಲ್ಲಿ ಇದಾರೆ" ಅನ್ನೋ ಪ್ರಶ್ನೆ ಲಿಸ್ಟಲ್ಲಿರೋ ಎಲ್ಲರನ್ನೂ ಕೇಳ್ಕೊಂಡು ಬರತ್ತೆ. ಹಂಗಾಗಿ ಡೈರೆಕ್ಟರಿ ಸರ್ವರ್ ಪೂರ್ತಿ ಸತ್ತಿದ್ರೆ ಕೆಲವು ಕಡೆ ಲೋಕಲ್ ಅಕೌಂಟೂ ಎಳೆದಾಡ್ಬಹುದು. ಲೋಕಲ್ ಅಕೌಂಟೂ ಲೇಟು ಅಂದ ತಕ್ಷಣ ಡೈರೆಕ್ಟರಿ ನಿರಪರಾಧಿ ಅಂತ ತೀರ್ಮಾನ ಮಾಡ್ಬೇಡಿ.

ಎಲ್ಲಿ ನಿಲ್ತಿದೆ ಅಂತ ಮೊದಲು ನೋಡಿ

ಲಾಗಿನ್ ಲೇಟು ಅಂತ ಸುಮ್ನೆ ಹೇಳಿದ್ರೆ ಹೊಟ್ಟೆನೋವು ಅಂತ ಡಾಕ್ಟರ್ ಹತ್ರ ಹೇಳಿದ ಹಾಗೆ, ಎಲ್ಲಿ ಅಂತ ಕೈ ಇಟ್ಟು ತೋರಿಸ್ಬೇಕು.

ಪಾಸ್‌ವರ್ಡ್ ಕೇಳೋ ಮುಂಚೆನೇ ನಿಂತ್ರೆ ಸಾಮಾನ್ಯವಾಗಿ ಹೆಸರು ಹುಡುಕೋ ಸಮಸ್ಯೆ. ಬಂದ ಐಪಿ ಅಡ್ರೆಸ್‌ಗೆ ಹೆಸರೇನು ಅಂತ ಸರ್ವರ್ ಡಿಎನ್‌ಎಸ್ (ಮಷಿನ್ ಹೆಸರಿಗೂ ಐಪಿ ಅಡ್ರೆಸ್‌ಗೂ ಹೊಂದಿಸೋ ವ್ಯವಸ್ಥೆ) ಕೇಳೋದು ಒಂದು. ಎಸ್‌ಎಸ್‌ಎಚ್ ಸೆಟಿಂಗಲ್ಲಿ ಇದರ ಹೆಸರು ಯೂಸ್‌ಡಿಎನ್‌ಎಸ್, ಓಪನ್‌ಎಸ್‌ಎಸ್‌ಎಚ್ 6.8 ಅಂದ್ರೆ 2015ರಿಂದ ಡೀಫಾಲ್ಟ್ ಆಗಿ ಆಫ್ ಇದೆ, ಆದ್ರೆ ಹಳೇ ಕಾನ್ಫಿಗ್ ಫೈಲಲ್ಲಿ ಯಾರೋ ಆನ್ ಮಾಡಿಟ್ಟಿದ್ರೆ ಆನ್ ಆಗೇ ಇರತ್ತೆ. ಇನ್ನೊಂದು ಜಿಎಸ್‌ಎಸ್‌ಎಪಿಐ, ಅಂದ್ರೆ ಪಾಸ್‌ವರ್ಡ್ ಕೇಳೋ ಬದಲು ಕರ್ಬೆರಾಸ್ ಟಿಕೆಟ್ (ಮೊದಲೇ ಗುರುತು ಖಚಿತವಾಗಿದೆ ಅನ್ನೋ ಡಿಜಿಟಲ್ ಚೀಟಿ) ಇದೆಯಾ ಅಂತ ಮೊದಲು ಪ್ರಯತ್ನಿಸೋದು. ಇದನ್ನ ಪರೀಕ್ಷೆ ಮಾಡೋದು ಸುಲಭ, ಆ ಒಂದು ಸಲಕ್ಕೆ ಜಿಎಸ್‌ಎಸ್‌ಎಪಿಐ ಆಥೆಂಟಿಕೇಷನ್ ನೋ ಅಂತ ಆಪ್ಷನ್ ಕೊಟ್ಟು ಲಾಗಿನ್ ಆಗಿ ನೋಡಿ, ಪ್ರಾಂಪ್ಟ್ ತಟ್ ಅಂತ ಬಂದ್ರೆ ಕಳ್ಳ ಸಿಕ್ಕಿದ.

ಪಾಸ್‌ವರ್ಡ್ ಕೊಟ್ಟ ಮೇಲೆ, "ಲಾಸ್ಟ್ ಲಾಗಿನ್" ಅನ್ನೋ ಸಾಲು ಬರೋ ಮುಂಚೆ ನಿಂತ್ರೆ ಅದು ಪ್ಯಾಮ್, ಡೈರೆಕ್ಟರಿ, ಇಲ್ಲಾ ಲಾಗಿನ್‌ಡಿ. ಅಪ್‌ಡೇಟ್ ಆದ್ಮೇಲೆ ಬರೋ ಕೇಸ್‌ಗಳಲ್ಲಿ ನಾನು ಮೊದಲು ನೋಡೋದು ಇದೇ ಜಾಗ.

ಆ ಸಾಲು ಬಂದ್ಮೇಲೆ ನಿಂತ್ರೆ ಲಾಗಿನ್ ಆಗಿಯೇ ಹೋಗಿದೆ, ನಿಮ್ಮ ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಮ್, ಸಾಮಾನ್ಯವಾಗಿ ಬ್ಯಾಷ್) ಶುರುವಾಗ್ತಾ ಏನೋ ಮಾಡ್ತಿದೆ. ನೆಟ್‌ವರ್ಕಲ್ಲಿರೋ ಹೋಮ್ ಫೋಲ್ಡರ್ ತಡವಾಗಿ ಮೌಂಟ್ ಆಗ್ತಿರ್ಬಹುದು, ಅಥವಾ ಬ್ಯಾಷ್ ಸ್ಟಾರ್ಟಪ್ ಫೈಲಲ್ಲಿ ಯಾವುದೋ ಕಮಾಂಡ್ ಇರ್ಬಹುದು. ಉಬುಂಟುವಿನಲ್ಲಿ ಬ್ಯಾಷ್‌ನ ಸಿಸ್ಟಮ್ ಫೈಲೇ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಬಗ್ಗೆ ಸಲಹೆ ತೋರಿಸ್ಬೇಕಾ ಬೇಡ್ವಾ ಅಂತ ನೋಡೋಕೆ ಗ್ರೂಪ್ಸ್ ಅನ್ನೋ ಕಮಾಂಡ್ ಓಡಿಸತ್ತೆ, ನಿಮ್ಮ ಗ್ರೂಪ್‌ಗಳ ಹೆಸರೆಲ್ಲ ಡೈರೆಕ್ಟರಿಯಿಂದ ಬರ್ಬೇಕು ಅಂದ್ರೆ ಅಲ್ಲೂ ಕಾಯ್ಬೇಕು. ಈ ಹಂತದಲ್ಲಿ ಕಂಟ್ರೋಲ್ ಸಿ ಒತ್ತಿ ನೋಡಿ, ತಕ್ಷಣ ಪ್ರಾಂಪ್ಟ್ ಬಂದ್ರೆ ತೊಂದ್ರೆ ಶೆಲ್ ಫೈಲಲ್ಲೇ.

ಕಣ್ಣಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಎಸ್‌ಎಸ್‌ಎಚ್‌ಗೆ ಮೈನಸ್ ವಿವಿವಿ ಹಾಕಿ, ಮೂರು ವಿ. ಅದು ಮಾಡೋ ಪ್ರತಿ ಕೆಲಸನೂ ಸಾಲು ಸಾಲಾಗಿ ಹೇಳ್ತಾ ಹೋಗತ್ತೆ, ಯಾವ ಸಾಲಲ್ಲಿ ನಿಂತು ಉಸಿರು ಹಿಡಿತೋ ಆ ಸಾಲನ್ನ ಬರ್ಕೊಳ್ಳಿ. "ಪ್ಲೆಡ್ಜ್: ನೆಟ್‌ವರ್ಕ್" ಅಥವಾ "ಪ್ಲೆಡ್ಜ್: ಫೈಲ್‌ಸಿಸ್ಟಮ್" ಅಂತ ಬಂದು ನಿಂತಿದ್ರೆ ಪಾಸ್‌ವರ್ಡ್ ಎಲ್ಲಾ ಪಾಸ್ ಆಗಿದೆ, ಸರ್ವರ್ ಕಡೆ ಸೆಷನ್ ತಯಾರಿಯಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ.

ಎಷ್ಟು ಸೆಕೆಂಡ್ ನಿಲ್ತಿದೆ ಅಂತ ಎಣಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆ ಇರೋ ಸುಳಿವು ಇದು, ಜನ ಇದನ್ನೇ ಬಿಡ್ತಾರೆ. ಕೆಲಸದ ಹೊರೆಯಿಂದ ಲೇಟ್ ಆದ್ರೆ ಒಂದ್ಸಲ 3 ಸೆಕೆಂಡ್, ಒಂದ್ಸಲ 11, ಹೀಗೆ ಏರುಪೇರು ಇರತ್ತೆ. ಟೈಮ್‌ಔಟ್ ಹಂಗಲ್ಲ, ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಬರತ್ತೆ, ಯಾಕಂದ್ರೆ ಆ ನಂಬರನ್ನ ಯಾರೋ ಪ್ರೋಗ್ರಾಮ್ ಒಳಗೆ ಬರೆದಿಟ್ಟಿದಾರೆ.

5 ಸೆಕೆಂಡ್, ಅಥವಾ 10, 15, 20 ಹೀಗೆ ಐದರ ಮಗ್ಗಿ ಬಂದ್ರೆ ಮೊದಲು ಡಿಎನ್‌ಎಸ್ ನೋಡಿ. ಲಿನಕ್ಸಲ್ಲಿ ಡಿಎನ್‌ಎಸ್ ಕೇಳೋ ಲೈಬ್ರರಿ ಒಂದು ಸರ್ವರಿಗೆ ಡೀಫಾಲ್ಟ್ ಆಗಿ 5 ಸೆಕೆಂಡ್ ಕಾಯತ್ತೆ, ಪೂರ್ತಿ ಲಿಸ್ಟನ್ನ ಎರಡು ಸುತ್ತು ಹಾಕತ್ತೆ. ಲಿಸ್ಟಲ್ಲಿ ಮೊದಲನೇ ಡಿಎನ್‌ಎಸ್ ಸರ್ವರ್ ಸತ್ತಿದ್ದು ಎರಡನೇದು ಬದುಕಿದ್ರೆ ಎಲ್ಲಾ ಕೆಲಸ ಮಾಡತ್ತೆ, ಆದ್ರೆ ಪ್ರತಿ ಪ್ರಶ್ನೆಗೂ 5 ಸೆಕೆಂಡ್ ದಂಡ. ಒಂದು ಲಾಗಿನ್‌ಗೆ ಅಂಥ ಪ್ರಶ್ನೆ ನಾಲ್ಕು ಇದ್ರೆ ಇಪ್ಪತ್ತು ಸೆಕೆಂಡ್. ಅಪ್‌ಡೇಟ್ ಬಂದಾಗ ಯಾವ ಡಿಎನ್‌ಎಸ್ ಸರ್ವರನ್ನ ಕೇಳ್ಬೇಕು ಅಂತ ಬರೆದಿರೋ ರಿಸಾಲ್ವ್ ಕಾನ್ಫ್ ಫೈಲ್ ಬದಲಾಗಿ ಸಿಸ್ಟಮ್‌ಡಿ ರಿಸಾಲ್ವ್‌ಡಿಯ 127.0.0.53 ಅನ್ನೋ ವಿಳಾಸ ಬಂದು ಕೂತಿರತ್ತೆ, ಆಫೀಸ್ ಒಳಗಿನ ಹೆಸರು ಯಾವ ಸರ್ವರನ್ನ ಕೇಳ್ಬೇಕು ಅನ್ನೋ ಹಳೇ ವಿವರ ಅದಕ್ಕೆ ಸಿಕ್ಕಿರೋದಿಲ್ಲ, ಇದು ತುಂಬಾ ಕಡೆ ಆಗೋದು. ಇನ್ನೊಂದು, ಒಂದೇ ಹೆಸರಿಗೆ ಐಪಿವಿ4 ಮತ್ತು ಐಪಿವಿ6 ಎರಡು ಪ್ರಶ್ನೆ ಒಟ್ಟಿಗೆ ಹೋಗತ್ತೆ, ಕೆಲವು ಫೈರ್‌ವಾಲ್‌ಗಳು ಎರಡನೇದರ ಉತ್ತರ ನುಂಗ್ಬಿಡತ್ತೆ, ಅಲ್ಲೂ ಸರಿಯಾಗಿ 5 ಸೆಕೆಂಡೇ ಹೋಗತ್ತೆ.

25 ಸೆಕೆಂಡ್ ಬಂದ್ರೆ ಡಿ-ಬಸ್ ಕಡೆ ನೋಡಿ. ಮಷಿನ್ ಒಳಗೆ ಸರ್ವಿಸ್‌ಗಳು ಒಂದಕ್ಕೊಂದು ಮಾತಾಡೋ ದಾರಿ ಅದು, ಅದರಲ್ಲಿ ಒಂದು ಪ್ರಶ್ನೆಗೆ ಉತ್ತರ ಕಾಯೋ ಡೀಫಾಲ್ಟ್ ಸಮಯ 25 ಸೆಕೆಂಡ್. ಪ್ಯಾಮ್ ಲಾಗಿನ್‌ಡಿಗೆ "ಸೆಷನ್ ಮಾಡು" ಅಂತ ಡಿ-ಬಸ್ ಮೂಲಕ ಹೇಳತ್ತೆ, ಲಾಗಿನ್‌ಡಿ ಉತ್ತರ ಕೊಡಲ್ಲ, 25 ಸೆಕೆಂಡ್ ಕಾದು ಪ್ಯಾಮ್ "ಹೋಗ್ಲಿ ಬಿಡು" ಅಂತ ನಿಮ್ಮನ್ನ ಒಳಗೆ ಬಿಡತ್ತೆ. ಜರ್ನಲ್ ಲಾಗಲ್ಲಿ "ಫೇಲ್ಡ್ ಟು ಕ್ರಿಯೇಟ್ ಸೆಷನ್" ಅನ್ನೋ ಸಾಲು ಸಿಗತ್ತೆ. ಇದರ ಸರಳ ಕಾರಣ ಏನಂದ್ರೆ ಅಪ್‌ಡೇಟ್ ಮಾಡೋವಾಗ ಡಿ-ಬಸ್ ರೀಸ್ಟಾರ್ಟ್ ಆಗಿ ಲಾಗಿನ್‌ಡಿಗೆ ಅದರ ಜೊತೆಗಿನ ಕನೆಕ್ಷನ್ ಕಡಿದು ಹೋಗಿರತ್ತೆ. ಲಾಗಿನ್‌ಡಿ ರೀಸ್ಟಾರ್ಟ್ ಮಾಡಿ, ಇಲ್ಲಾ ಮಷಿನ್ ರೀಬೂಟ್ ಮಾಡಿ, ಹೋಗತ್ತೆ. ಆದ್ರೆ ಈ ಕಾರಣಕ್ಕೆ ಲೋಕಲ್, ನೆಟ್‌ವರ್ಕ್ ಎರಡೂ ಅಕೌಂಟ್ ಲೇಟ್ ಆಗತ್ತೆ. ರೀಬೂಟ್ ಆದ್ಮೇಲೂ ಬರ್ತಿದ್ರೆ, ಅದೂ ನೆಟ್‌ವರ್ಕ್ ಅಕೌಂಟ್‌ಗೆ ಮಾತ್ರ ಬರ್ತಿದ್ರೆ, ಕಥೆ ಬೇರೆ.

2017ರಲ್ಲಿ ಬಂದ ಬೇಲಿ

ಆ ಬೇರೆ ಕಥೆ ಇದು, ಅಪ್‌ಡೇಟ್ ಅಂದ್ರೆ ಒಳಗೆ ಏನೇನು ಬದಲಾಗ್ಬಹುದು ಅಂತ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಂಗೆ ಗೊತ್ತಿಲ್ಲ.

ಲಾಗಿನ್‌ಡಿ ರೂಟ್ ಅಂದ್ರೆ ಮಷಿನ್‌ನ ಪೂರ್ತಿ ಅಧಿಕಾರದಲ್ಲಿ ಓಡೋ ಸರ್ವಿಸ್. ಅದರಲ್ಲಿ ಯಾರಾದ್ರೂ ತೂತು ಹುಡುಕಿ ಒಳಗೆ ನುಗ್ಗಿದ್ರೆ ಅಲ್ಲಿಂದ ಹೊರಗಡೆ ಡೇಟಾ ಕಳಿಸ್ಬಹುದು. ಆದ್ರೆ ಲಾಗಿನ್‌ಡಿಗೆ ಅಸಲಿಗೆ ನೆಟ್‌ವರ್ಕ್ ಯಾಕೆ ಬೇಕು? ಬೇಡ. ಹಂಗಾದ್ರೆ ಕಟ್ ಮಾಡೋಣ ಅಂತ 2017ರ ಅಕ್ಟೋಬರಲ್ಲಿ ಬಂದ ಸಿಸ್ಟಮ್‌ಡಿ (ಲಿನಕ್ಸಲ್ಲಿ ಸರ್ವಿಸ್‌ಗಳನ್ನ ನಡೆಸೋ ವ್ಯವಸ್ಥೆ, ಲಾಗಿನ್‌ಡಿ ಅದರದೇ ಭಾಗ) 235ರಲ್ಲಿ ಅದರ ಸರ್ವಿಸ್ ಫೈಲ್‌ಗೆ ಒಂದು ಸಾಲು ಸೇರಿಸಿದ್ರು, ಐಪಿ ಅಡ್ರೆಸ್ ಡಿನೈ ಈಸ್ ಈಕ್ವಲ್ ಟು ಎನಿ. ಅಂದ್ರೆ ಈ ಸರ್ವಿಸ್ ಯಾವ ಐಪಿ ಜೊತೆಗೂ ಮಾತಾಡಂಗಿಲ್ಲ, ತನ್ನದೇ ಮಷಿನ್‌ನ ಲೋಕಲ್‌ಹೋಸ್ಟ್ ಜೊತೆಗೂ ಇಲ್ಲ. ಅಪಾರ್ಟ್‌ಮೆಂಟ್ ಕಮಿಟಿಯವರು ಸೇಫ್ಟಿಗೆ ಅಂತ ವಾಚ್‌ಮನ್ ಫೋನಿಂದ ಹೊರಗೆ ಕಾಲ್ ಹೋಗದ ಹಾಗೆ ಮಾಡಿದ ಥರ. ಉದ್ದೇಶ ಒಳ್ಳೇದೇ.

ಆದ್ರೆ ಎನ್‌ಐಎಸ್ ಇಟ್ಕೊಂಡವರಿಗೆ ಇಲ್ಲಿ ಏಟು ಬಿತ್ತು. ನೆಟ್‌ವರ್ಕ್ ಅಕೌಂಟ್‌ನವರು ಒಬ್ಬರು ಬಂದಾಗ ಲಾಗಿನ್‌ಡಿ "ಈ ನಂಬರಿನ ಯೂಸರ್ ಯಾರು" ಅಂತ ಎನ್‌ಎಸ್‌ಎಸ್‌ನ ಕೇಳತ್ತೆ. ಎನ್‌ಎಸ್‌ಎಸ್ ಅನ್ನೋದು ಬೇರೆ ಸರ್ವಿಸ್ ಅಲ್ಲ, ಕೇಳಿದವರ ಒಳಗೇ ಲೋಡ್ ಆಗೋ ಲೈಬ್ರರಿ. ಹಂಗಾಗಿ ಎನ್‌ಐಎಸ್ ಸರ್ವರಿಗೆ ಹೋಗೋ ಪ್ರಶ್ನೆ ಲಾಗಿನ್‌ಡಿಯ ಹೆಸರಲ್ಲೇ ಹೋಗತ್ತೆ, ಬೇಲಿ ಅದನ್ನ ತಡೀತದೆ, ಹಳೇ ಲೈಬ್ರರಿ ಮತ್ತೆ ಮತ್ತೆ ಪ್ರಯತ್ನ ಪಡ್ತಾ ಕೂರತ್ತೆ, ಅತ್ತ ಪ್ಯಾಮ್ ಕಾಯ್ತಾ ಇರತ್ತೆ, ಇತ್ತ ನೀವು. ಉಬುಂಟು 16.04ರಲ್ಲಿ ಸಿಸ್ಟಮ್‌ಡಿ 229 ಇತ್ತು, 18.04ಕ್ಕೆ ಬಂದಾಗ 237. ಎನ್‌ಐಎಸ್ ಕಾನ್ಫಿಗ್ ಒಂದಕ್ಷರ ಬದಲಾಯಿಸದೇ ಅಪ್‌ಗ್ರೇಡ್ ಮಾಡಿದವರಿಗೂ ಲಾಗಿನ್ ನಿಧಾನ ಆಗಿದ್ದು ಇದಕ್ಕೇ.

ಇದರಲ್ಲಿ ಜನರನ್ನ ದಾರಿ ತಪ್ಪಿಸೋ ವಿಷಯ ಇನ್ನೊಂದಿದೆ. ಡೌಟ್ ಬಂದು ಟರ್ಮಿನಲಲ್ಲಿ ಎನ್‌ಎಸ್‌ಎಸ್‌ನ ನೇರವಾಗಿ ಕೇಳೋ ಕಮಾಂಡ್ ಗೆಟೆಂಟ್ ಪಾಸ್‌ಡಬ್ಲ್ಯೂಡಿ ಅಂತ ಯೂಸರ್ ಹೆಸರು ಕೊಟ್ಟು ಕೇಳಿದ್ರೆ ಉತ್ತರ ಥಟ್ಟನೆ ಬರತ್ತೆ. ಎನ್‌ಐಎಸ್ ಪಟ್ಟಿ ತೋರಿಸೋ ವೈಪಿಕ್ಯಾಟ್ ಕೂಡ ಚೆನ್ನಾಗೇ ಓಡತ್ತೆ. ಡೈರೆಕ್ಟರಿ ಸರಿ ಇದೆ, ನೆಟ್‌ವರ್ಕ್ ಸರಿ ಇದೆ, ಡಿಎನ್‌ಎಸ್ ಸರಿ ಇದೆ, ಮತ್ತೆ ಲಾಗಿನ್ ಯಾಕೆ ಲೇಟು ಅಂತ ತಲೆ ಕೆಡತ್ತೆ. ಯಾಕಂದ್ರೆ ನಿಮ್ಮ ಟರ್ಮಿನಲ್‌ಗೆ ಬೇಲಿ ಇಲ್ಲ, ಬೇಲಿ ಇರೋದು ಲಾಗಿನ್‌ಡಿಗೆ ಮಾತ್ರ. ಹಂಗಾಗಿ ಪರೀಕ್ಷೆನೂ ಬೇಲಿ ಒಳಗೆ ನಿಂತೇ ಮಾಡ್ಬೇಕು: ಸಿಸ್ಟಮ್‌ಡಿ ರನ್ ಅನ್ನೋ ಕಮಾಂಡ್‌ಗೆ ಅದೇ ಐಪಿ ಅಡ್ರೆಸ್ ಡಿನೈ ಗುಣ ಕೊಟ್ಟು ಅದೇ ಗೆಟೆಂಟ್ ಓಡಿಸಿ ನೋಡಿ, ಅಲ್ಲಿ ನಿಂತ್ರೆ ಕಾರಣ ಖಚಿತ.

ಅದೇ ಅಪ್‌ಗ್ರೇಡ್ ಮಾಡಿದ ಎಸ್‌ಎಸ್‌ಎಸ್‌ಡಿ ಬಳಕೆದಾರರಿಗೆ ಈ ತೊಂದ್ರೆ ಬರ್ಲಿಲ್ಲ. ಎಸ್‌ಎಸ್‌ಎಸ್‌ಡಿ ಬೇರೆ ಸರ್ವಿಸ್ ಆಗಿ ಓಡತ್ತೆ, ಕೇಳೋರು ಮಷಿನ್ ಒಳಗಿನ ಯೂನಿಕ್ಸ್ ಸಾಕೆಟ್ ಮೂಲಕ ಅದನ್ನ ಕೇಳ್ತಾರೆ, ನೆಟ್‌ವರ್ಕಿಗೆ ಹೋಗೋದು ಎಸ್‌ಎಸ್‌ಎಸ್‌ಡಿ ತಾನೇ. ವಾಚ್‌ಮನ್ ಹೊರಗೆ ಕಾಲ್ ಮಾಡಂಗಿಲ್ಲ, ಆದ್ರೆ ಪಕ್ಕದ ಆಫೀಸ್ ರೂಮಿನ ಹುಡುಗನಿಗೆ ಕೂಗಿ ಹೇಳಿದ್ರೆ ಅವನು ಕಾಲ್ ಮಾಡಿ ಹೇಳ್ತಾನೆ, ರೂಲೂ ಮುರಿಯಲ್ಲ, ಕೆಲಸನೂ ನಿಲ್ಲಲ್ಲ.

ಸರಿ ಮಾಡೋದು ಹೇಗೆ

ಮೊದಲು ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಪಾಲಿಸಿ. ಪ್ಯಾಮ್ ಅಥವಾ ಎಸ್‌ಎಸ್‌ಎಚ್ ಸೆಟಿಂಗ್ ಮುಟ್ಟೋ ಮುಂಚೆ ರೂಟ್ ಸೆಷನ್ ಒಂದನ್ನ ಬೇರೆ ವಿಂಡೋದಲ್ಲಿ ತೆರೆದಿಟ್ಟಿರಿ, ಕೆಲಸ ಮುಗಿದು ಹೊಸ ಲಾಗಿನ್ ಆಗಿ ನೋಡೋವರೆಗೂ ಅದನ್ನ ಮುಚ್ಬೇಡಿ. ಒಂದು ಅಕ್ಷರ ತಪ್ಪಾದ್ರೆ ಇಪ್ಪತ್ತು ಸೆಕೆಂಡ್ ಲೇಟ್ ಲಾಗಿನ್ ಹೋಗಿ ಲಾಗಿನ್ನೇ ಇಲ್ಲ ಅಂತಾಗತ್ತೆ. ಎಸ್‌ಎಸ್‌ಎಚ್ ಕಾನ್ಫಿಗ್ ಬದಲಿಸಿದ್ರೆ ರೀಸ್ಟಾರ್ಟ್ ಮಾಡೋ ಮುಂಚೆ ಎಸ್‌ಎಸ್‌ಎಚ್‌ಡಿ ಮೈನಸ್ ಟಿ ಅಂತ ಕೊಟ್ಟು ಫೈಲ್ ಸರಿ ಇದೆಯಾ ನೋಡಿ.

ಎನ್‌ಐಎಸ್ ಕೇಸಿಗೆ ದಾರಿ ಎರಡು. ಒಂದು, ಎನ್‌ಎಸ್‌ಸಿಡಿ ಅನ್ನೋ ಕ್ಯಾಶ್ (ಸಿಕ್ಕ ಉತ್ತರ ಸ್ವಲ್ಪ ಹೊತ್ತು ನೆನಪಿಟ್ಕೊಳ್ಳೋ) ಸರ್ವಿಸ್ ಹಾಕೋದು, ಆಫೀಸ್ ರೂಮ್ ಹುಡುಗನ ಕೆಲಸ ಇದು ಮಾಡತ್ತೆ, ಬೇಲಿ ಹಂಗೇ ಉಳಿಯತ್ತೆ. ಇನ್ನೊಂದು, ಬೇಲಿಯಲ್ಲಿ ಕಿಂಡಿ ಬಿಡೋದು. ಅದಕ್ಕೆ ಸಿಸ್ಟಮ್‌ಸಿಟಿಎಲ್ ಎಡಿಟ್ ಅಂತ ಲಾಗಿನ್‌ಡಿ ಸರ್ವಿಸ್ ತೆರೆದು ಸರ್ವಿಸ್ ವಿಭಾಗದಲ್ಲಿ ಐಪಿ ಅಡ್ರೆಸ್ ಅಲೋ ಸಾಲು ಬರೆದು ಲೋಕಲ್‌ಹೋಸ್ಟ್ ಮತ್ತು ಎನ್‌ಐಎಸ್ ಸರ್ವರ್ ಐಪಿ ಎರಡಕ್ಕೆ ಮಾತ್ರ ಅನುಮತಿ ಕೊಡಿ, ಅಲೋ ಲಿಸ್ಟಲ್ಲಿ ಇರೋದಕ್ಕೆ ಡಿನೈ ಅಡ್ಡ ಬರಲ್ಲ. ತುಂಬಾ ಜನ ಡಿನೈ ಸಾಲನ್ನೇ ಖಾಲಿ ಮಾಡಿ ಬೇಲಿ ಪೂರ್ತಿ ಕಿತ್ತಾಕ್ತಾರೆ, ಕೆಲಸ ಆಗತ್ತೆ, ಆದ್ರೆ ಎರಡು ವಿಳಾಸಕ್ಕೋಸ್ಕರ ಇಡೀ ಊರಿಗೆ ಬಾಗಿಲು ತೆಗೆಯೋ ಅಗತ್ಯ ಇಲ್ಲ. ನಂತರದ ವರ್ಷನ್‌ಗಳಲ್ಲಿ ರಿಸ್ಟ್ರಿಕ್ಟ್ ಅಡ್ರೆಸ್ ಫ್ಯಾಮಿಲೀಸ್ ಅನ್ನೋ ಎರಡನೇ ಬೇಲಿನೂ ಬಿಗಿಯಾಗಿದೆ, ಅಲೋ ಹಾಕಿದ್ರೂ ಆಗ್ಲಿಲ್ಲ ಅಂದ್ರೆ ಅದನ್ನೂ ನೋಡಿ. ಎಡಿಟ್ ಕಮಾಂಡ್ ಬಿಟ್ಟು ನೇರವಾಗಿ ಮೂಲ ಸರ್ವಿಸ್ ಫೈಲ್ ತಿದ್ದಿದ್ರೆ ಮುಂದಿನ ಅಪ್‌ಡೇಟ್ ಅದನ್ನ ಅಳಿಸಿ ಹಾಕತ್ತೆ, ಆರು ತಿಂಗಳಾದ್ಮೇಲೆ ಇದೇ ಸಮಸ್ಯೆ ಹೊಸದಾಗಿ ಬಂದ ಹಾಗೆ ಕಾಣತ್ತೆ.

ಇನ್ನು ದೂರದ ದಾರಿ ಅಂದ್ರೆ ಎನ್‌ಐಎಸ್ ಬಿಟ್ಟು ಎಲ್‌ಡಿಎಪಿ ಮತ್ತು ಎಸ್‌ಎಸ್‌ಎಸ್‌ಡಿಗೆ ಬರೋದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಎನ್‌ಐಎಸ್ ಪ್ಯಾಕೇಜ್‌ಗಳನ್ನೇ ತೆಗೆದಿದಾರೆ, ಹಂಗಾಗಿ ಇವತ್ತಲ್ಲ ನಾಳೆ ಮಾಡಲೇಬೇಕಾದ ಕೆಲಸ.

ಎಸ್‌ಎಸ್‌ಎಸ್‌ಡಿ ಇದ್ದೂ ಲೇಟ್ ಆದ್ರೆ

ಆಗ ಗ್ರೂಪ್‌ಗಳ ಮೇಲೆ ಕಣ್ಣಿಡಿ. ಟೈಮ್ ಐಡಿ ಅನ್ನೋ ಕಮಾಂಡ್‌ಗೆ ಯೂಸರ್ ಹೆಸರು ಕೊಟ್ಟು ಎರಡು ಸಲ ಓಡಿಸಿ. ಮೊದಲ ಸಲ ತುಂಬಾ ಹೊತ್ತು ತಗೊಂಡು ಎರಡನೇ ಸಲ ತಕ್ಷಣ ಬಂದ್ರೆ ಕ್ಯಾಶ್ ಕೆಲಸ ಮಾಡ್ತಿದೆ, ಡೈರೆಕ್ಟರಿಯಿಂದ ತರೋದೇ ಭಾರ ಆಗ್ತಿದೆ. ಎಸ್‌ಎಸ್‌ಎಸ್‌ಡಿ ಕ್ಯಾಶ್ ಡೀಫಾಲ್ಟ್ ಆಗಿ 5400 ಸೆಕೆಂಡ್, ಅಂದ್ರೆ ಒಂದೂವರೆ ಗಂಟೆ ಇಟ್ಕೊಳತ್ತೆ. ಬೆಳಗ್ಗೆ ಮೊದಲ ಲಾಗಿನ್ ಲೇಟು, ಆಮೇಲೆ ಸರಿ, ಊಟ ಮುಗಿಸಿ ಬಂದ್ರೆ ಮತ್ತೆ ಲೇಟು ಅನ್ನೋ ದೂರಿಗೆ ಇದೇ ಅರ್ಥ. ಅಪ್‌ಡೇಟ್ ಮಾಡೋವಾಗ ಕ್ಯಾಶ್ ಖಾಲಿಯಾಗಿದ್ರೆ ಮೊದಲ ಒಂದೆರಡು ಲಾಗಿನ್ ಮಾತ್ರ ಲೇಟ್ ಆಗಿ ತಾನಾಗೇ ಸರಿ ಹೋಗೋದೂ ಉಂಟು.

ಭಾರ ಯಾಕಂದ್ರೆ, ನೀವು ಯಾವ ಗ್ರೂಪಲ್ಲಿ ಇದೀರಿ ಅಂತ ಕೇಳಿದಾಗ ಆ ಗ್ರೂಪಲ್ಲಿ ಇನ್ಯಾರ್ಯಾರು ಇದಾರೆ ಅಂತನೂ ಎಳ್ಕೊಂಡು ಬರತ್ತೆ. ಮದುವೆಗೆ ಒಬ್ಬರ ಹೆಸರು ಬರೀಬೇಕು ಅಂತ ಕೇಳಿದ್ರೆ ಅವರ ಇಡೀ ವಂಶಾವಳಿ ಹೇಳಿದ ಹಾಗೆ. ಐದು ಸಾವಿರ ಜನ ಇರೋ ಗ್ರೂಪ್ ನಾಲ್ಕು ಇದ್ರೆ ಸಮಯ ಹಿಡಿಯದೇ ಇರತ್ತಾ. ಎಸ್‌ಎಸ್‌ಎಸ್‌ಡಿಯಲ್ಲಿ ಇಗ್ನೋರ್ ಗ್ರೂಪ್ ಮೆಂಬರ್ಸ್ ಅನ್ನೋ ಸೆಟಿಂಗ್ ಟ್ರೂ ಮಾಡಿದ್ರೆ ಗ್ರೂಪ್ ಹೆಸರು ಮಾತ್ರ ತರತ್ತೆ, ಸದಸ್ಯರ ಪಟ್ಟಿ ಬಿಡತ್ತೆ. ಎಲ್ಲಾ ಯೂಸರ್, ಗ್ರೂಪ್‌ಗಳ ಪೂರ್ತಿ ಪಟ್ಟಿ ತರೋ ಎನ್ಯೂಮರೇಟ್ ಅನ್ನೋದು ಡೀಫಾಲ್ಟ್ ಆಗಿ ಆಫ್ ಇರತ್ತೆ, ಯಾರೋ ಆನ್ ಮಾಡಿದ್ರೆ ಆಫ್ ಮಾಡಿ.

ಅಪ್‌ಡೇಟ್ ಆದ್ಮೇಲೆ ಹಳೇ ಸೆಟಿಂಗ್ ಕಾಣೆಯಾಯ್ತಾ ಅಂತ ನೋಡೋಕೂ ಒಂದು ದಾರಿ ಇದೆ. ಇಟಿಸಿ ಫೋಲ್ಡರಲ್ಲಿ ಹೆಸರಿನ ಕೊನೇಲಿ ಆರ್‌ಪಿಎಂನ್ಯೂ, ಆರ್‌ಪಿಎಂಸೇವ್, ಇಲ್ಲಾ ಡಿಪಿಕೆಜಿ ಓಲ್ಡ್, ಡಿಪಿಕೆಜಿ ಡಿಸ್ಟ್ ಅಂತ ಇರೋ ಫೈಲ್ ಹುಡುಕಿ, ಹಳೇದು ಹೊಸದು ಪಕ್ಕ ಪಕ್ಕ ಇಟ್ಟು ವ್ಯತ್ಯಾಸ ನೋಡಿದ್ರೆ ಅಪ್‌ಡೇಟ್ ಏನು ಮಾಡ್ತು ಅಂತ ಅದೇ ಹೇಳತ್ತೆ.

ನೀವು ಅಡ್ಮಿನ್ ಅಲ್ದೇ ಇದ್ರೆ

ಸರ್ವರ್ ಒಳಗಿನ ಯಾವ ಫೈಲೂ ನಿಮ್ಮ ಕೈಗೆ ಸಿಗಲ್ಲ, ಆದ್ರೂ ನೀವು ಕೊಡೋ ಮಾಹಿತಿ ಅಡ್ಮಿನ್‌ಗೆ ಅರ್ಧ ದಿನದ ಕೆಲಸ ಉಳಿಸ್ಬಹುದು. ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಮೂರು ಸಲ ಲಾಗಿನ್ ಆಗಿ, ಮೂರೂ ಸಮಯ ಬರೀರಿ. ಪಾಸ್‌ವರ್ಡ್ ಮುಂಚೆ ನಿಂತಿತಾ, ಆಮೇಲಾ, ಲಾಸ್ಟ್ ಲಾಗಿನ್ ಸಾಲು ಬಂದ್ಮೇಲಾ ಅಂತ ಬರೀರಿ. ಮೈನಸ್ ವಿವಿವಿ ಹಾಕಿದಾಗ ಯಾವ ಸಾಲಲ್ಲಿ ನಿಂತಿತು ಅಂತ ಬರೀರಿ. ಪಕ್ಕದವರಿಗೂ ಹಿಂಗೇ ಆಗ್ತಿದೆಯಾ, ಆಫೀಸ್ ಒಳಗಿಂದ ಲಾಗಿನ್ ಆದ್ರೂ ಲೇಟಾ ಅಥವಾ ಮನೆಯಿಂದ ವಿಪಿಎನಲ್ಲಿ ಬಂದಾಗ ಮಾತ್ರನಾ ಅಂತನೂ ಸೇರಿಸಿ. "ಸರ್ವರ್ ಸ್ಲೋ" ಅಂತ ಬರೆದ ಟಿಕೆಟ್ ಕ್ಯೂನಲ್ಲಿ ಕೂತಿರತ್ತೆ. "ಪಾಸ್‌ವರ್ಡ್ ಕೊಟ್ಟ ಮೇಲೆ ಪ್ರತಿ ಸಲ 25 ಸೆಕೆಂಡ್, ಪ್ಲೆಡ್ಜ್ ಸಾಲಲ್ಲಿ ನಿಲ್ತಿದೆ, ಸೋಮವಾರದ ಅಪ್‌ಡೇಟ್‌ಗೆ ಮುಂಚೆ ಇರ್ಲಿಲ್ಲ" ಅಂತ ಬರೆದ್ರೆ ಓದಿದವರು ನೇರವಾಗಿ ಲಾಗಿನ್‌ಡಿ ಲಾಗ್ ತೆಗೀತಾರೆ.